ರಾಗಿ ಕಣದಿಂದ ಕಾಲೇಜಿನ ರಸೀತಿಯವರೆಗೆ

ಶಾಲೆಯ ಚರಿತ್ರೆಯನ್ನು ಬರೆಯಲು ಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ದಾಖಲಾತಿ ಪುಸ್ತಕವನ್ನು. ಅದರಲ್ಲಿ ಒಂದು ಮಗುವಿಗೆ ಒಂದೇ ಸಾಲು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಜಾತಿ, ಮಾತೃಭಾಷೆ, ಸೇರಿದ ತರಗತಿ, ಬಿಟ್ಟ ದಿನ. ಮಗು ವರ್ಗಾವಣೆ ಪತ್ರವನ್ನು ಪಡೆದು ಗೇಟು ದಾಟಿದ ಮೇಲೆ ಆ ಸಾಲು ಅಲ್ಲಿಗೇ ನಿಂತುಹೋಗುತ್ತದೆ. ಮುಂದೆ ಆ ಮಗು ಎಲ್ಲಿ ಓದಿತು, ಅದರ ಶುಲ್ಕವನ್ನು ಯಾರು ಕಟ್ಟಿದರು, ಕಟ್ಟಲಾಗದೆ ಎಲ್ಲಿ ನಿಂತಿತು ಎಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ.

ಶತಮಾನೋತ್ಸವದ ಈ ಸಂಪುಟದಲ್ಲಿ ಶಾಲೆಯ ಕಟ್ಟಡದ ಬಗೆಗೆ, ಅಧ್ಯಾಪಕರ ಬಗೆಗೆ, ನಾಟಕ ಆಟೋಟಗಳ ಬಗೆಗೆ ಬರೆಯುವವರು ಇದ್ದಾರೆ. ನಾವು ಇಲ್ಲಿ ಬರೆಯಹೊರಟಿರುವುದು ಗೇಟಿನಿಂದಾಚೆಯ ಚರಿತ್ರೆಯನ್ನು. ಸಾನಮಾವಿನಂಥ ಗಡಿಯೂರಿನ ಕನ್ನಡ ಮನೆಗಳು ತಮ್ಮ ಮಕ್ಕಳ ಉನ್ನತ ವ್ಯಾಸಂಗದ ವೆಚ್ಚವನ್ನು ಹೇಗೆ ಹೊತ್ತವು, ನೆರವು ಎಲ್ಲಿಂದ ಬಂತು, ಆ ನೆರವಿಗಾಗಿ ಮಕ್ಕಳ ಯಾವ ಯಾವ ವಿವರಗಳನ್ನು ಯಾರ ಯಾರ ಮುಂದೆ ಇಡಬೇಕಾಯಿತು ಎಂಬ ಮೂರು ಎಳೆಗಳನ್ನು ಹಿಡಿದು ಈ ಲೇಖನ ಸಾಗುತ್ತದೆ. ಪ್ರತಿ ಜೂನ್ ತಿಂಗಳಲ್ಲಿಯೂ ಕೈಯಲ್ಲೊಂದು ಇಂಗ್ಲಿಷ್ ಕಾಗದವನ್ನು ಹಿಡಿದು, 'ಇದರಲ್ಲಿ ಏನು ಬರೆದಿದೆ ನೋಡಿ ಮೇಷ್ಟ್ರೇ' ಎಂದು ಶಾಲೆಯ ಬಾಗಿಲಿಗೆ ಬರುವ ತಂದೆತಾಯಿಯರು ಇಂದಿಗೂ ಇದ್ದಾರೆ. ಅವರಿಗೆ ಉಪಯೋಗವಾಗಲೆಂಬುದೇ ಈ ಬರಹದ ಉದ್ದೇಶ.

ಎರಡು ದಿಕ್ಕಿನ ದಾರಿ

ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. ಮದರಾಸಿಗೆ ಸುಮಾರು 300. ನಮ್ಮ ಸೀಮೆಯ ವಿದ್ಯಾಭ್ಯಾಸದ ಚರಿತ್ರೆಯೆಲ್ಲ ಈ ಎರಡು ಸಂಖ್ಯೆಗಳ ನಡುವೆ ಇದೆ. ಕಣ್ಣಿಗೆ ಹತ್ತಿರದ ಪಟ್ಟಣ ಒಂದು ರಾಜ್ಯದಲ್ಲಿ, ಕಾಗದ ಪತ್ರಗಳ ರಾಜಧಾನಿ ಇನ್ನೊಂದರಲ್ಲಿ.

ಹಿಂದೆ ಈ ಭೇದ ಇಷ್ಟು ತೊಡಕಿನದಾಗಿರಲಿಲ್ಲ. ಮದರಾಸು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1857ರಲ್ಲಿ. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ನಡುವಿನ ಆರು ದಶಕಗಳಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಕೂಡ ಮದರಾಸು ವಿಶ್ವವಿದ್ಯಾಲಯದ ಪರೀಕ್ಷೆಗಳಿಗೇ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುತ್ತಿತ್ತು. ಹೊಸೂರಿನ ಹುಡುಗ ಬೆಂಗಳೂರಿನಲ್ಲಿ ಓದಿದರೂ ಪದವಿ ಮದರಾಸಿನದೇ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿಯವರು ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ, ಅಲ್ಲಿಂದ ಕಾನೂನು ವ್ಯಾಸಂಗಕ್ಕೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ನಮ್ಮ ನೆರೆಯೂರಿನ ಒಬ್ಬ ಬಾಲಕ ನಡೆದ ಆ ದಾರಿಯೇ ಅಂದಿನ ರಾಜಮಾರ್ಗವಾಗಿತ್ತು.

1916ರ ಬಳಿಕ ದಾರಿ ಕವಲೊಡೆಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಹೊಸೂರು ತಾಲ್ಲೂಕು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಸೆಂಟ್ರಲ್ ಕಾಲೇಜು 1964ರಲ್ಲಿ ಹೊಸದಾಗಿ ಆರಂಭವಾದ ಬೆಂಗಳೂರು ವಿಶ್ವವಿದ್ಯಾಲಯದ ಅಂಗವಾಯಿತು. ಇತ್ತ ನಮ್ಮ ಜಿಲ್ಲಾ ಕಚೇರಿ ಊರೂರು ಬದಲಾಯಿಸಿತು: ಮೊದಲು ಸೇಲಂ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಕಲೆ ಮತ್ತು ವಿಜ್ಞಾನ ಕಾಲೇಜುಗಳ ಮೇಲಿನ ಅಧಿಕಾರ ಮದರಾಸು ವಿಶ್ವವಿದ್ಯಾಲಯದಿಂದ 1997ರಲ್ಲಿ ಸೇಲಂನಲ್ಲಿ ಸ್ಥಾಪನೆಯಾದ ಪೆರಿಯಾರ್ ವಿಶ್ವವಿದ್ಯಾಲಯಕ್ಕೆ ಬಂತು. ಹೀಗೆ ಒಂದೇ ಮನೆಯ ಅಜ್ಜ, ಮಗ, ಮೊಮ್ಮಗ ಮೂವರೂ ಮೂರು ಊರುಗಳ ಕಚೇರಿಗಳಿಗೆ ಅರ್ಜಿ ಹಿಡಿದು ಅಲೆದದ್ದುಂಟು. ಮನೆ ಮಾತ್ರ ಇದ್ದಲ್ಲಿಯೇ ಇತ್ತು.

ಜೂನ್ ತಿಂಗಳ ಹಣ

ನಮ್ಮ ಊರುಗಳಲ್ಲಿ ಓದಿನ ವೆಚ್ಚದ ಮಾತು ಬಂದಾಗ ಮೊತ್ತದಷ್ಟೇ ಮುಖ್ಯವಾದದ್ದು ತಿಂಗಳು. ಕಾಲೇಜಿನ ಶುಲ್ಕವನ್ನು ಕಟ್ಟಬೇಕಾದದ್ದು ಜೂನ್, ಜುಲೈ ತಿಂಗಳಲ್ಲಿ. ಹೊಲಕ್ಕೆ ಬೀಜ ಗೊಬ್ಬರ ಹಾಕಬೇಕಾದ ಕಾಲವೂ ಅದೇ. ಹುರುಳಿ, ಅವರೆ, ರಾಗಿ ಮನೆಗೆ ಬರುವುದು ಕಾರ್ತಿಕ ಮಾರ್ಗಶಿರಗಳಲ್ಲಿ. ಬನ್ನೇರುಘಟ್ಟದ ಕಡೆಯಿಂದ ಡೆಂಕಣಿಕೋಟೆಯ ಕಾಡುಗಳನ್ನು ದಾಟಿ ಸಾನಮಾವಿನ ಮೀಸಲು ಅರಣ್ಯಕ್ಕೆ ಆನೆಯ ಹಿಂಡುಗಳು ಬಂದು ಬೀಡುಬಿಡುವುದೂ ರಾಗಿ ತೆನೆಗಟ್ಟಿದ ಆ ತಿಂಗಳುಗಳಲ್ಲಿಯೇ. ಒಂದು ರಾತ್ರಿಯ ಆನೆಯ ದಾಳಿಯಿಂದ ಒಂದು ವರ್ಷದ ಕಾಲೇಜು ಶುಲ್ಕ ನೆಲಕಚ್ಚಿದ ಮನೆಗಳು ನಮ್ಮ ನಡುವೆ ಇವೆ. ಆದ್ದರಿಂದ ಜೂನ್ ತಿಂಗಳಲ್ಲಿ ಕಟ್ಟುವ ಹಣ ಎಂದಿಗೂ ಬೆಳೆಯ ಹಣವಾಗಿರಲಿಲ್ಲ. ಅದು ಬಡ್ಡಿಗೆ ತಂದ ಹಣ, ಇಲ್ಲವೇ ಹಸು ಮಾರಿದ ಹಣ, ಇಲ್ಲವೇ ತಾಯಿಯ ಕೊರಳಿನಿಂದ ಇಳಿದ ಚಿನ್ನ. ಹಾಲಿನ ಡೈರಿ, ಟೊಮೆಟೊ, ಗುಲಾಬಿ ತೋಟಗಳು ಬಂದ ಮೇಲೆ, 1970ರ ದಶಕದಿಂದೀಚೆಗೆ ಹೊಸೂರಿನ ಕೈಗಾರಿಕಾ ಪ್ರದೇಶದಲ್ಲಿ ಕೂಲಿ ನೌಕರಿ ದೊರೆತ ಮೇಲೆ ಕೆಲವು ಮನೆಗಳಿಗೆ ತಿಂಗಳ ಆದಾಯವೆಂಬುದು ಬಂತು. ಆದರೂ ಇಡೀ ವರ್ಷದ ಶುಲ್ಕವನ್ನು ಒಂದೇ ಬಾರಿಗೆ ತೆಗೆದಿಡುವ ಶಕ್ತಿ ಹೆಚ್ಚಿನವರಿಗೆ ಬರಲಿಲ್ಲ.

ಶುಲ್ಕಕ್ಕಿಂತಲೂ ದೊಡ್ಡ ಚಿಂತೆ ಊಟ ವಸತಿಯದು. ಬೆಂಗಳೂರಿಗೆ ಹೋದ ಬಡ ವಿದ್ಯಾರ್ಥಿಗೆ ಹಿಂದಿನ ಕಾಲದಲ್ಲಿ ಇದ್ದ ಆಶ್ರಯ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಏಳು ಮನೆ ಗೊತ್ತಾದರೆ ಒಂದು ವರ್ಷದ ಓದು ಗೊತ್ತಾದಂತೆ. ಇಲ್ಲವೇ ದೊಡ್ಡವರ ಮನೆಯ ಮಕ್ಕಳಿಗೆ ಪಾಠ ಹೇಳುವುದು. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿ 1881ರಲ್ಲಿ ಬಿ.ಎ. ಪದವಿ ಪಡೆದರು, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಎಂಜಿನಿಯರಾದರು. ಮುಂದೆ ಅವರು ದಿವಾನರಾಗಿದ್ದಾಗಲೇ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು ಎಂಬುದನ್ನು ಇಲ್ಲಿ ನೆನೆಯಬೇಕು.

ವಾರಾನ್ನದ ಜೊತೆಗೆ ಬಂದದ್ದು ಸಮುದಾಯಗಳ ಉಚಿತ ವಿದ್ಯಾರ್ಥಿನಿಲಯಗಳು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆ, 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘ, ತುಮಕೂರಿನ ಸಿದ್ಧಗಂಗಾ ಮಠ ಇವುಗಳ ಆಸರೆಯಲ್ಲಿ ಓದಿದವರು ಅಸಂಖ್ಯ. ಈ ಉಪಕಾರವನ್ನು ನಾವು ಮರೆಯಲಾಗದು. ಆದರೆ ಚರಿತ್ರೆ ಬರೆಯುವಾಗ ಇನ್ನೊಂದು ಮಾತನ್ನೂ ಹೇಳದಿದ್ದರೆ ತಪ್ಪಾದೀತು. ವಾರಾನ್ನದ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ. ಹೆಣ್ಣುಮಕ್ಕಳಿಗಂತೂ ಅದು ದಾರಿಯೇ ಆಗಿರಲಿಲ್ಲ. ಗುರುತು ಪರಿಚಯ ಇದ್ದವನಿಗೆ ಅನ್ನ ಸಿಕ್ಕಿತು. ಊರಿನ ಹೊರಗಿನ ಕೇರಿಯಿಂದ ಬಂದ ಮಗುವಿಗೆ ಬೆಂಗಳೂರಿನಲ್ಲಿ ಗುರುತು ಹೇಳುವವರು ಯಾರಿದ್ದರು?

ದಾನದಿಂದ ಹಕ್ಕಿಗೆ

ಆ ಪ್ರಶ್ನೆಗೆ ಉತ್ತರ ಸರ್ಕಾರದ ಕಡೆಯಿಂದ, ನಿಧಾನವಾಗಿ ಬಂತು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದ ವರ್ಗಗಳ ಪರವಾಗಿ ಮಾತನಾಡಿತು. ಮದರಾಸು ಪ್ರಾಂತದಲ್ಲಿ 1920ರ ದಶಕದಲ್ಲಿ ಕಾರ್ಮಿಕ ಇಲಾಖೆಯ ಮೂಲಕ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆಗಳನ್ನು ನಡೆಸುವ, ವಿದ್ಯಾರ್ಥಿವೇತನ ಕೊಡುವ ಕೆಲಸ ನಡೆಯಿತು. ಡಾ. ಬಿ.ಆರ್. ಅಂಬೇಡ್ಕರರು ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿದ್ದ ಕಾಲದಲ್ಲಿ, 1944ರಲ್ಲಿ, ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಇಂದಿಗೂ ಕಾಲೇಜಿಗೆ ಹೋಗುವ ಅತಿ ಹೆಚ್ಚು ಬಡ ಮಕ್ಕಳನ್ನು ಹಿಡಿದು ನಿಲ್ಲಿಸಿರುವ ಊರುಗೋಲುಗಳಲ್ಲಿ ಅದು ಒಂದು. 1963ರಲ್ಲಿ ಕೇಂದ್ರ ಸರ್ಕಾರ ಸಾಲರೂಪದ ವಿದ್ಯಾರ್ಥಿವೇತನವನ್ನೂ ತಂದಿತು.

ದಾನ ಪಡೆಯಲು ಗುರುತು ಸಾಕಿತ್ತು. ಹಕ್ಕು ಪಡೆಯಲು ಪ್ರಮಾಣಪತ್ರ ಬೇಕಾಯಿತು. ಅದುವರೆಗೆ ಊರಿನ ಕರಣಂ ಅಥವಾ ಶ್ಯಾನುಭೋಗರ ಜಗಲಿಯಲ್ಲಿ ಮುಗಿಯುತ್ತಿದ್ದ ವ್ಯವಹಾರ ಬೆಳೆಯತೊಡಗಿತು. 1980ರಲ್ಲಿ ತಮಿಳುನಾಡು ಸರ್ಕಾರ ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದುಮಾಡಿತು. ಬೇರೆ ಊರಿನಿಂದ ಬಂದ ಗ್ರಾಮಾಡಳಿತಾಧಿಕಾರಿ ಆ ಜಾಗದಲ್ಲಿ ಕುಳಿತರು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ವಾಸಸ್ಥಳದ ಪ್ರಮಾಣಪತ್ರ ಎಲ್ಲವೂ ತಮಿಳಿನಲ್ಲಿ. ಈಗ ಅವು ಇ-ಸೇವೈ ಕೇಂದ್ರದ ಗಣಕಯಂತ್ರದಲ್ಲಿ ಹುಟ್ಟುತ್ತವೆ. ಕನ್ನಡದಲ್ಲಿ ಓದಿದ ತಂದೆಗೆ ತನ್ನ ಮಗಳ ಹೆಸರು ಆ ತಮಿಳು ಪತ್ರದಲ್ಲಿ ಸರಿಯಾಗಿದೆಯೇ ಎಂದು ನೋಡಲು ಬಾರದು. ದಾಖಲಾತಿ ಪುಸ್ತಕದಲ್ಲಿ ಕನ್ನಡದಲ್ಲಿ ಇದ್ದ ಹೆಸರು ತಮಿಳಿಗೆ ಹೋಗಿ, ತಮಿಳಿನಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ಒಂದಕ್ಷರ ಬದಲಾದರೆ, ಬ್ಯಾಂಕಿನ ಖಾತೆಯ ಹೆಸರಿಗೂ ಅರ್ಜಿಯ ಹೆಸರಿಗೂ ಹೊಂದದೆ ವಿದ್ಯಾರ್ಥಿವೇತನ ನಿಂತುಹೋಗುತ್ತದೆ. ತಮಿಳಿನ ಒಂದೇ ಅಕ್ಷರ ಕನ್ನಡದ ಕ, ಗ ಎರಡಕ್ಕೂ, ಪ, ಬ ಎರಡಕ್ಕೂ ನಿಲ್ಲುವುದರಿಂದ ಗಡಿನಾಡಿನ ಹೆಸರುಗಳಿಗೆ ಈ ಅಪಾಯ ಹೆಚ್ಚು. ಹತ್ತನೆಯ ತರಗತಿಯ ಅಂಕಪಟ್ಟಿ ಬರುವ ಮುನ್ನವೇ ಮೂರೂ ಭಾಷೆಗಳ ಕಾಗುಣಿತವನ್ನು ಹೊಂದಿಸಿಕೊಳ್ಳುವುದು ಪೋಷಕರು ಮಾಡಬಹುದಾದ ಮೊದಲ ಕೆಲಸ.

ಕಳೆದ ಹದಿನೈದು ವರ್ಷಗಳಲ್ಲಿ ತಮಿಳುನಾಡು ಸರ್ಕಾರ ತೆರೆದ ಬಾಗಿಲುಗಳು ಹಲವು. ಮನೆತನದಲ್ಲಿ ಯಾರೂ ಪದವೀಧರರಿಲ್ಲದಿದ್ದರೆ, ಏಕಗವಾಕ್ಷಿ ಸಮಾಲೋಚನೆಯ ಮೂಲಕ ವೃತ್ತಿಶಿಕ್ಷಣಕ್ಕೆ ಸೇರುವ ಮೊದಲ ಪದವೀಧರನಿಗೆ 2010ರಿಂದ ಬೋಧನಾ ಶುಲ್ಕದ ರಿಯಾಯಿತಿ ಇದೆ. ಆರರಿಂದ ಹನ್ನೆರಡನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ 2020ರಲ್ಲಿ ವೈದ್ಯಕೀಯ ಶಿಕ್ಷಣದಲ್ಲಿಯೂ 2021ರಲ್ಲಿ ಎಂಜಿನಿಯರಿಂಗ್, ಕೃಷಿ, ಕಾನೂನು ಮುಂತಾದ ಶಿಕ್ಷಣಗಳಲ್ಲಿಯೂ ಶೇ. 7.5ರಷ್ಟು ಸ್ಥಾನಗಳು ಮೀಸಲಾದವು. ಹಾಗೆ ಸೇರಿದವರ ಬೋಧನಾ ಶುಲ್ಕವನ್ನೂ ವಿದ್ಯಾರ್ಥಿನಿಲಯದ ಶುಲ್ಕವನ್ನೂ ಸರ್ಕಾರವೇ ಭರಿಸುತ್ತದೆ. ಮೂವಲೂರು ರಾಮಾಮೃತಂ ಅಮ್ಮೈಯಾರ್ ಅವರ ಹೆಸರಿನಲ್ಲಿದ್ದ ಮದುವೆಯ ನೆರವಿನ ಯೋಜನೆ 2022ರಲ್ಲಿ ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಯೋಜನೆಯಾಗಿ ಮಾರ್ಪಟ್ಟಿತು. 'ಪುದುಮೈ ಪೆಣ್' ಎಂಬ ಹೆಸರಿನಲ್ಲಿ ತಿಂಗಳಿಗೆ 1000 ರೂಪಾಯಿ ಹುಡುಗಿಯ ಸ್ವಂತ ಖಾತೆಗೇ ಬರುತ್ತದೆ. ಗಂಡುಮಕ್ಕಳಿಗಾಗಿ 2024ರಲ್ಲಿ 'ತಮಿಳ್ ಪುದಲ್ವನ್' ಬಂತು. ಮದುವೆಗೆಂದು ಇಟ್ಟ ಹಣ ಓದಿಗೆ ಹರಿದದ್ದು ಸಣ್ಣ ಬದಲಾವಣೆಯಲ್ಲ.

ಗಡಿನಾಡಿನ ಪೋಷಕರು ಇಲ್ಲಿ ಎರಡು ಸೂಕ್ಷ್ಮಗಳನ್ನು ತಿಳಿದಿರಬೇಕು. ಮೊದಲನೆಯದು: ಈ ಯೋಜನೆಗಳಲ್ಲಿ ಸರ್ಕಾರಿ ಶಾಲೆಯವರಿಗೆ ಶಾಲೆ ಸರ್ಕಾರಿಯದು ಎಂಬುದೇ ಅರ್ಹತೆ, ಆದರೆ ಅನುದಾನಿತ ಶಾಲೆಗಳಿಗೆ ಸೌಲಭ್ಯ ವಿಸ್ತರಿಸುವಾಗ ತಮಿಳು ಮಾಧ್ಯಮವೆಂಬ ಷರತ್ತು ಸೇರಿತು. ಕನ್ನಡ ಮಾಧ್ಯಮದ ಅನುದಾನಿತ ಶಾಲೆಯ ಮಕ್ಕಳು ಹೊರಗುಳಿಯುವ ಈ ಅಂತರವನ್ನು ಭಾಷಾ ಅಲ್ಪಸಂಖ್ಯಾತರಾದ ನಾವು ಸರ್ಕಾರದ ಗಮನಕ್ಕೆ ತರಬೇಕಾಗಿದೆ. ಎರಡನೆಯದು: ಹತ್ತನೆಯ ತರಗತಿ ಮುಗಿಸಿ ಪಿ.ಯು.ಸಿ.ಗೆಂದು ಅತ್ತಿಬೆಲೆ ದಾಟಿದ ಮಗು, ಆರರಿಂದ ಹನ್ನೆರಡರವರೆಗೆ ಇಲ್ಲಿಯೇ ಓದಿರಬೇಕೆಂಬ ನಿಯಮದಿಂದಾಗಿ, ಇಲ್ಲಿನ ಈ ಹಕ್ಕುಗಳನ್ನು ಕಳೆದುಕೊಳ್ಳುತ್ತದೆ. ಜಾತಿಗಳ ಪಟ್ಟಿ ರಾಜ್ಯಕ್ಕೊಂದು ಇರುವುದರಿಂದ ಕೃಷ್ಣಗಿರಿ ಜಿಲ್ಲೆಯ ಜಾತಿ ಪ್ರಮಾಣಪತ್ರಕ್ಕೆ ಕರ್ನಾಟಕದ ಮೀಸಲಾತಿ ದೊರೆಯುವುದಿಲ್ಲ. ಅತ್ತ ಕರ್ನಾಟಕದಲ್ಲಿ ಗಡಿನಾಡ ಕನ್ನಡಿಗರಿಗೆಂದು ಸಾಮಾನ್ಯ ಪ್ರವೇಶ ಪರೀಕ್ಷೆಯ ನಿಯಮಗಳಲ್ಲಿ ಬೇರೆ ಅವಕಾಶವಿದೆ. ಆಯಾ ವರ್ಷದ ಕೈಪಿಡಿಯನ್ನು ಓದಿ ನಿರ್ಧರಿಸಬೇಕು. ಬೆಂಗಳೂರು ಹತ್ತಿರ ಎಂಬ ಒಂದೇ ಕಾರಣಕ್ಕೆ ಹೆಜ್ಜೆ ಇಡುವ ಮುನ್ನ ಎರಡೂ ಕಡೆಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನೋಡುವುದು ಲೇಸು.

ರಸೀತಿಯನ್ನು ಓದುವ ವಿದ್ಯೆ

ಸರ್ಕಾರಿ ಕಾಲೇಜಿನ ಶುಲ್ಕ ಒಂದು ಚೀಟಿಯಲ್ಲಿ ಮುಗಿಯುತ್ತಿತ್ತು. 1980ರ ದಶಕದಿಂದ ಖಾಸಗಿ ಕಾಲೇಜುಗಳು ಹೆಚ್ಚಿದಂತೆ ಚೀಟಿ ಉದ್ದವಾಯಿತು. ಚೀಟಿಯಲ್ಲಿ ಬಾರದ ಹಣವೂ ಹುಟ್ಟಿಕೊಂಡಿತು. ಅದನ್ನು ತಡೆಯಲು ಕರ್ನಾಟಕ 1984ರಲ್ಲಿಯೂ ತಮಿಳುನಾಡು 1992ರಲ್ಲಿಯೂ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಗಳನ್ನು ಮಾಡಿದವು. ಕರ್ನಾಟಕದ ವೈದ್ಯಕೀಯ ಕಾಲೇಜೊಂದರ ಪ್ರವೇಶದಿಂದ ಹುಟ್ಟಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ವಸೂಲಿಯನ್ನು ಖಂಡಿಸಿತು. 2002ರ ಟಿ.ಎಂ.ಎ. ಪೈ ತೀರ್ಪು ಖಾಸಗಿ ಸಂಸ್ಥೆಗಳಿಗೆ ತಮ್ಮ ಶುಲ್ಕವನ್ನು ನಿರ್ಧರಿಸುವ ಸ್ವಾತಂತ್ರ್ಯವನ್ನು ಒಪ್ಪಿದರೂ ಲಾಭಕೋರತನವನ್ನು ಒಪ್ಪಲಿಲ್ಲ. 2003ರ ಇನ್ನೊಂದು ತೀರ್ಪಿನ ಮೇರೆಗೆ ರಾಜ್ಯಗಳಲ್ಲಿ ಶುಲ್ಕ ನಿಗದಿ ಸಮಿತಿಗಳು ಬಂದವು. ಆದ್ದರಿಂದ ವೃತ್ತಿಶಿಕ್ಷಣದ ಕಾಲೇಜು ಕೇಳುವ ಶುಲ್ಕವನ್ನು ಸಮಿತಿ ಗೊತ್ತುಪಡಿಸಿದ ಶುಲ್ಕದ ಜೊತೆ ಹೋಲಿಸಿ ನೋಡುವ ಅಧಿಕಾರ ಪ್ರತಿಯೊಬ್ಬ ತಂದೆತಾಯಿಗೂ ಇದೆ.

ಹಾಗೆ ನೋಡಲು ರಸೀತಿಯನ್ನು ಬಿಡಿಸಿ ಓದಬೇಕು. ಬೋಧನಾ ಶುಲ್ಕ ಒಂದು. ಪರೀಕ್ಷಾ ಶುಲ್ಕ ಇನ್ನೊಂದು, ಅದು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ವಿದ್ಯಾರ್ಥಿನಿಲಯ, ಊಟ, ಬಸ್ಸು ಇವು ಬೇರೆ. ಇವುಗಳಲ್ಲಿ ಬೇಡವೆನ್ನಬಹುದಾದವೂ ಇರುತ್ತವೆ. ಎಚ್ಚರಿಕೆ ಠೇವಣಿ ಎಂಬುದು ಶುಲ್ಕವೇ ಅಲ್ಲ. ಓದು ಮುಗಿದ ಮೇಲೆ ಹಿಂದಿರುಗಿ ಬರಬೇಕಾದ ನಮ್ಮದೇ ಹಣ. ಕೇಳದೆ ಬಿಟ್ಟ ಈ ಠೇವಣಿಗಳಿಂದ ನಮ್ಮ ಊರುಗಳ ಮನೆಗಳು ಎಷ್ಟು ಕಳೆದುಕೊಂಡಿವೆಯೋ ಲೆಕ್ಕವಿಟ್ಟವರಿಲ್ಲ. ವಿದ್ಯಾರ್ಥಿವೇತನ ಮಂಜೂರಾದರೂ ಹಣ ಬರುವುದು ತಡವಾಗುವುದರಿಂದ, ಬೋಧನಾ ಶುಲ್ಕದ ರಿಯಾಯಿತಿ ಉಳ್ಳ ಮಗುವಿನಿಂದ ಪೂರ್ಣ ಹಣವನ್ನು ಮೊದಲು ಕಟ್ಟಿಸಿಕೊಂಡರೆ, ಅದನ್ನು ರಸೀತಿಯಲ್ಲಿಯೇ ಬರೆಸಿಕೊಳ್ಳಬೇಕು. ರಸೀತಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬಾರದು.

ಇಲ್ಲೊಂದು ಪ್ರಸಂಗವನ್ನು ಹೇಳಬೇಕು. ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಒಂದು ಖಾಸಗಿ ಕಾಲೇಜಿಗೆ ಸೇರಿದ ಮೂರನೆಯ ವಾರದಲ್ಲಿ ಅವಳಿಗೆ ಸರ್ಕಾರಿ ಕಾಲೇಜಿನಲ್ಲಿ ಸ್ಥಾನ ದೊರೆಯಿತು. ಕಾಲೇಜಿನವರು ಅವಳ ಮೂಲ ಅಂಕಪಟ್ಟಿಗಳನ್ನು ಹಿಡಿದಿಟ್ಟುಕೊಂಡು, ಪೂರ್ಣ ವ್ಯಾಸಂಗದ ಶುಲ್ಕವನ್ನು ಕಟ್ಟಿದರೆ ಮಾತ್ರ ಕೊಡುವುದಾಗಿ ಹೇಳಿದರು. ತಂದೆ ಎರಡು ಬಾರಿ ಹೋಗಿ ಕೈಮುಗಿದು ಬಂದರು. ಮೂರನೆಯ ಬಾರಿ ಅವರ ಜೊತೆ ಹೋದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಕೈಮುಗಿಯಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಸೂಚನೆಯನ್ನು ಉಲ್ಲೇಖಿಸಿ ಬರೆದ ಒಂದು ಪುಟದ ಅರ್ಜಿಯನ್ನು ಕೊಟ್ಟು ಸ್ವೀಕೃತಿ ಕೇಳಿದರು. ಅಂಕಪಟ್ಟಿಗಳು ಆ ವಾರವೇ ಮನೆಗೆ ಬಂದವು.

ಆ ಸೂಚನೆಯ ಸಾರವನ್ನು ಎಲ್ಲ ಪೋಷಕರೂ ತಿಳಿದಿರಬೇಕು. ಪ್ರವೇಶದ ವೇಳೆ ಮೂಲ ಪ್ರಮಾಣಪತ್ರಗಳನ್ನು ನೋಡಿ ಪರಿಶೀಲಿಸಿ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಪೂರ್ಣ ಶುಲ್ಕ ವಾಪಸು, ಅದರಲ್ಲಿ ಸಂಸ್ಕರಣ ವೆಚ್ಚವೆಂದು ಶೇ. 5ಕ್ಕೆ, ಹೆಚ್ಚೆಂದರೆ 5000 ರೂಪಾಯಿಗೆ ಮೀರದಷ್ಟನ್ನು ಹಿಡಿಯಬಹುದು. ಆ ಬಳಿಕ ಕೊನೆಯ ದಿನಾಂಕದ ಒಳಗೆ ಬಿಟ್ಟರೆ ಶೇ. 90, ಕೊನೆಯ ದಿನಾಂಕ ಕಳೆದ 15 ದಿನಗಳಲ್ಲಿ ಶೇ. 80, ಮುಂದಿನ 15 ದಿನಗಳಲ್ಲಿ ಶೇ. 50. ಅದಾದ ಮೇಲೆ ಶುಲ್ಕ ಬಾರದು. ಎಚ್ಚರಿಕೆ ಠೇವಣಿ ಮಾತ್ರ ಬರಬೇಕು. ಇಂಥ ನಿಯಮಗಳನ್ನು ಆಯೋಗ ಆಗಾಗ ಪರಿಷ್ಕರಿಸುವುದರಿಂದ ಆಯಾ ವರ್ಷದ ಸುತ್ತೋಲೆಯನ್ನು ನೋಡಿಕೊಳ್ಳಬೇಕು. ಎಂಜಿನಿಯರಿಂಗ್ ಮುಂತಾದ ತಾಂತ್ರಿಕ ಶಿಕ್ಷಣಕ್ಕೆ ತಾಂತ್ರಿಕ ಶಿಕ್ಷಣ ಪರಿಷತ್ತಿನದೇ ಪ್ರತ್ಯೇಕ ನಿಯಮಗಳಿವೆ.

ಬ್ಯಾಂಕಿನ ಶಿಕ್ಷಣ ಸಾಲದ ಮಾದರಿ ಯೋಜನೆ ಬಂದದ್ದು 2001ರಲ್ಲಿ. 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಜಮೀನಿನ ಪತ್ರವನ್ನು ಅಡವಿಡಬೇಕಾಗಿಲ್ಲ. ತಂದೆ ಅಥವಾ ತಾಯಿ ಜೊತೆಗಾರ ಸಾಲಗಾರರಾಗಿ ಸಹಿ ಹಾಕಬೇಕು. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ, ವೃತ್ತಿ ಮತ್ತು ತಾಂತ್ರಿಕ ಶಿಕ್ಷಣದ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕೊಡುವ ಯೋಜನೆ 2009ರಿಂದ ಜಾರಿಗೆ ಬಂತು. ಓದು ಮುಗಿದು ಸ್ವಲ್ಪ ಕಾಲದವರೆಗೆ ಕಂತು ಕಟ್ಟಬೇಕಾಗಿಲ್ಲ ಎಂಬುದು ನಿಜ. ಆದರೆ ಸಹಾಯಧನ ಇಲ್ಲದವರಿಗೆ ಬಡ್ಡಿ ಆ ಕಾಲದಲ್ಲಿಯೂ ಏರುತ್ತಿರುತ್ತದೆ. 'ಮಗ ಕೆಲಸಕ್ಕೆ ಸೇರಿದ ಮೇಲಲ್ಲವೇ' ಎಂದು ನಿಶ್ಚಿಂತರಾಗಿದ್ದ ತಂದೆಯರು ಸಾಲದ ಪತ್ರ ಬಂದಾಗ ಬೆಚ್ಚಿದ್ದನ್ನು ನಾವು ಕಂಡಿದ್ದೇವೆ. ಜೂನ್ ತಿಂಗಳ ಖಾಸಗಿ ಬಡ್ಡಿಗಿಂತ ಬ್ಯಾಂಕಿನ ಸಾಲ ಎಷ್ಟೋ ಮೇಲು. ಆದರೂ ಅದು ಸಾಲವೇ.

ಮಗುವಿನ ವಿವರ ಯಾರದು?

ಇನ್ನು ಮೂರನೆಯ ಎಳೆ. ಹಿಂದೆ ಎಸ್.ಎಸ್.ಎಲ್.ಸಿ. ಫಲಿತಾಂಶ ದಿನಪತ್ರಿಕೆಯಲ್ಲಿ ನೋಂದಣಿ ಸಂಖ್ಯೆಗಳ ಸಾಲಾಗಿ ಬರುತ್ತಿತ್ತು. ಸಂಖ್ಯೆ ಮಗುವಿಗೂ ಮನೆಯವರಿಗೂ ಮಾತ್ರ ಗೊತ್ತು. ತೇರ್ಗಡೆಯಾಗದಿದ್ದವನು ಸದ್ದಿಲ್ಲದೆ ಪತ್ರಿಕೆಯನ್ನು ಮಡಿಸಿ ಇಡಬಹುದಿತ್ತು. ಬೇಕೆಂದು ಮಾಡಿದ್ದಲ್ಲದಿದ್ದರೂ ಅದರಲ್ಲಿ ಒಂದು ಮರ್ಯಾದೆ ಇತ್ತು. ಆದರೆ ನಮ್ಮ ತರಗತಿಗಳಲ್ಲಿ ಇನ್ನೊಂದು ರೂಢಿಯೂ ಇತ್ತು. ವಿದ್ಯಾರ್ಥಿವೇತನದ ಅರ್ಜಿ ಬಂದ ದಿನ, 'ಹರಿಜನ ಮಕ್ಕಳು ಎದ್ದು ನಿಲ್ಲಿ' ಎಂದು ಎಲ್ಲರ ಎದುರಿಗೆ ಹೇಳುವುದು. ಹೇಳಿದವರಲ್ಲಿ ಕೆಟ್ಟ ಮನಸ್ಸಿನವರು ಕಡಿಮೆ. ಅದು ತಪ್ಪೆಂದು ಯಾರಿಗೂ ತೋರಿರಲಿಲ್ಲ. ಎದ್ದು ನಿಂತವರಿಗೆ ಮಾತ್ರ ಅದು ಇಂದಿಗೂ ಮರೆತಿಲ್ಲ. ನಾಚಿಕೆಯಿಂದ ಅರ್ಜಿಯನ್ನೇ ಹಾಕದೆ ಉಳಿದವರೂ ಇದ್ದರು. ನೂರು ವರ್ಷದ ಲೆಕ್ಕ ಒಪ್ಪಿಸುವ ಈ ಹೊತ್ತಿನಲ್ಲಿ ಆ ತಪ್ಪನ್ನು ನಾವು ಒಪ್ಪಿಕೊಳ್ಳಬೇಕು. ನೆರವು ಹಕ್ಕಾದ ಮೇಲೆ ಅದನ್ನು ಪಡೆಯುವ ಮಗು ಯಾರ ಮುಂದೆಯೂ ಎದ್ದು ನಿಲ್ಲಬೇಕಾಗಿಲ್ಲ.

ಖಾಸಗಿತನ ನಮ್ಮ ಸಂವಿಧಾನದ ಮೂಲಭೂತ ಹಕ್ಕು ಎಂಬ ತೀರ್ಪು ಹೊರಬಂದದ್ದು 2017ರ ಆಗಸ್ಟ್ 24ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠದಿಂದ. 2012ರಲ್ಲಿ ಆ ಅರ್ಜಿಯನ್ನು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ಹಿರಿಯ ಕನ್ನಡಿಗರೊಬ್ಬರ ಹೆಸರು ಹೀಗೆ ದೇಶದ ಪ್ರತಿ ಮಗುವಿನ ರಕ್ಷಣೆಗೆ ನಿಂತಿತು. 2018ರ ಸೆಪ್ಟೆಂಬರಿನ ಆಧಾರ್ ತೀರ್ಪಿನಲ್ಲಿ, ಶಾಲೆಯ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು ನ್ಯಾಯಾಲಯ ಹೇಳಿತು. ವೈಯಕ್ತಿಕ ದತ್ತಾಂಶಗಳ ರಕ್ಷಣೆಗೆಂದು 2023ರಲ್ಲಿ ಕಾಯಿದೆಯೂ ಆಯಿತು. ಅದರಂತೆ 18 ವರ್ಷ ತುಂಬದ ಮಗುವಿನ ವಿವರಗಳಿಗೆ ತಂದೆತಾಯಿಯರ ಒಪ್ಪಿಗೆ ಬೇಕು. 18 ತುಂಬಿದ ಮೇಲೆ ಒಪ್ಪಿಗೆ ಕೊಡಬೇಕಾದವನು ವಿದ್ಯಾರ್ಥಿಯೇ.

ಇಲ್ಲಿ ತಂದೆತಾಯಿಯರಿಗೆ ಒಂದು ಕಸಿವಿಸಿ ಉಂಟಾಗುವುದು ಸಹಜ. ಹಣ ಕಟ್ಟುವವರು ನಾವು, ಅಂಕ ಕೇಳಿದರೆ ಮಗನನ್ನೇ ಕೇಳಿ ಎನ್ನುವುದೇ? ಅಮೆರಿಕದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಅಲ್ಲಿ 1974ರಲ್ಲಿಯೇ ಬಂದ 'ಫೆರ್ಪಾ' ಎಂಬ ಕಾಯಿದೆಯ ಪ್ರಕಾರ, ಮಗುವಿಗೆ 18 ತುಂಬಿದಾಗ ಅಥವಾ ಅದು ಕಾಲೇಜು ಸೇರಿದಾಗ, ದಾಖಲೆಗಳ ಮೇಲಿನ ಹಕ್ಕು ಪೋಷಕರಿಂದ ವಿದ್ಯಾರ್ಥಿಗೆ ಹೋಗುತ್ತದೆ. ವಿದ್ಯಾರ್ಥಿ ಬರೆದುಕೊಟ್ಟ ಒಪ್ಪಿಗೆ ಇಲ್ಲದೆ, ತೆರಿಗೆಯ ಲೆಕ್ಕದಲ್ಲಿ ಮಗು ಅವಲಂಬಿತವಾಗಿದೆ ಎಂಬಂಥ ಕೆಲವು ಸಂದರ್ಭಗಳ ಹೊರತು, ಕಾಲೇಜು ಪೋಷಕರಿಗೆ ಅಂಕಗಳನ್ನಾಗಲಿ ಲೆಕ್ಕವನ್ನಾಗಲಿ ತೋರಿಸಲಾಗದು. ಆದ್ದರಿಂದ ಅಲ್ಲಿನ ಕನ್ನಡ ಮನೆಗಳಲ್ಲಿ ಮಗು ಕಾಲೇಜು ಸೇರುವ ಮುನ್ನವೇ ಯಾವ ವಿವರ ಯಾರು ನೋಡಬಹುದೆಂದು ಕುಳಿತು ಮಾತಾಡಿಕೊಳ್ಳುತ್ತಾರೆ.

ನಮ್ಮಲ್ಲಿ ಪರಿಸ್ಥಿತಿ ತಿರುಗುಮುರುಗು. ಇಲ್ಲಿ ಇಂಗ್ಲಿಷ್ ರಸೀತಿಯನ್ನು ಓದಬಲ್ಲವನು ಮಗನೊಬ್ಬನೇ; ತಂದೆಗೆ ಗೊತ್ತಾಗುವುದು ಮಗ ಹೇಳಿದಷ್ಟೇ. ಆನ್‌ಲೈನ್ ಅರ್ಜಿ ತುಂಬುವವರು ಅಂಗಡಿಯವರು, ಒ.ಟಿ.ಪಿ. ಹೋಗುವುದೂ ಅವರ ಮೊಬೈಲಿಗೆ. ಮಗುವಿನ ಹೆಸರು, ಜಾತಿ, ಆದಾಯ, ಬ್ಯಾಂಕ್ ಖಾತೆ, ಆಧಾರ್ ಎಲ್ಲವೂ ಗುರುತಿಲ್ಲದವರ ಯಂತ್ರದಲ್ಲಿ ಉಳಿದುಹೋಗುತ್ತವೆ. ಆ ಬಳಿಕ 'ನಿಮ್ಮ ಮಗಳಿಗೆ ಸ್ಕಾಲರ್‌ಶಿಪ್ ಬಂದಿದೆ, ಸಂಖ್ಯೆ ಹೇಳಿ' ಎಂಬ ಕರೆ ಬಂದರೆ ಆಶ್ಚರ್ಯವೇನು? ಒ.ಟಿ.ಪಿ.ಯನ್ನು ಯಾರಿಗೂ ಹೇಳದಿರುವುದು, ಅರ್ಜಿಗೆ ಮನೆಯ ಮೊಬೈಲ್ ಸಂಖ್ಯೆಯನ್ನೇ ಕೊಡುವುದು, ಕೊಟ್ಟ ಪ್ರತಿಯ ಮೇಲೆ ಯಾವ ಕೆಲಸಕ್ಕೆಂದು ಬರೆದು ಸಹಿ ಹಾಕುವುದು, ಇವಿಷ್ಟು ರೂಢಿಯಾದರೂ ಅರ್ಧ ಅಪಾಯ ತಪ್ಪಿದಂತೆ. ಇನ್ನರ್ಧ ಮನೆಯೊಳಗಿನ ವಿಶ್ವಾಸಕ್ಕೆ ಸೇರಿದ್ದು. ಮಗ ಒಂದು ವಿಷಯದಲ್ಲಿ ಅನುತ್ತೀರ್ಣನಾದರೆ ಬೈಗುಳವೇ ಗತಿಯೆಂದಾದರೆ, ಅವನು ಮರುಪರೀಕ್ಷೆಯ ಶುಲ್ಕವನ್ನು ಬೇರೆ ಹೆಸರಿನಲ್ಲಿ ಕೇಳುತ್ತಾನೆ. ಅಂಕ ಮಗುವಿನದು, ಹಣ ಮನೆಯದು, ಎರಡನ್ನೂ ಮುಚ್ಚಿಡಬೇಕಾಗಿಲ್ಲ ಎಂಬ ಒಪ್ಪಂದ ಮೊದಲ ವರ್ಷವೇ ಆಗಬೇಕು. ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಇದೆಯೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಹೇಳಿದೆ. ಅನ್ಯಾಯವಾಗಿದೆ ಎನ್ನುವ ಮಗುವಿಗೆ ಈ ದಾರಿಯನ್ನು ತೋರಿಸುವುದು ಬೈಯುವುದಕ್ಕಿಂತ ಮೇಲು.

ಎರಡನೆಯ ನೂರರ ಹೊಸ್ತಿಲಲ್ಲಿ

ಈ ನೂರು ವರ್ಷಗಳಲ್ಲಿ ವಾರಾನ್ನದ ಏಳು ಮನೆಗಳ ಜಾಗದಲ್ಲಿ ಸರ್ಕಾರದ ಹತ್ತಾರು ಯೋಜನೆಗಳು ಬಂದಿವೆ. ಹಣ ಹೆಚ್ಚಿದೆ, ಹಕ್ಕು ಸ್ಪಷ್ಟವಾಗಿದೆ, ಮೊದಲು ಹೊರಗಿದ್ದವರು ಒಳಗೆ ಬಂದಿದ್ದಾರೆ. ಕಡಿಮೆಯಾದದ್ದು ಒಂದೇ: ಕಾಗದವನ್ನು ಕೈಗೆ ತೆಗೆದುಕೊಂಡು, 'ಕುಳಿತುಕೊಳ್ಳಿ, ಓದಿ ಹೇಳುತ್ತೇವೆ' ಎನ್ನುವ ಮನುಷ್ಯ. ಹಿಂದೆ ಆ ಕೆಲಸವನ್ನು ಶಾಲೆಯ ಮೇಷ್ಟ್ರು ಮಾಡುತ್ತಿದ್ದರು. ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಬಲ್ಲ ಹಳೆಯ ವಿದ್ಯಾರ್ಥಿಗಳು ಇಂದು ನಮ್ಮಲ್ಲಿ ನೂರಾರು ಮಂದಿ ಇದ್ದಾರೆ. ಬ್ಯಾಂಕಿನಲ್ಲಿ, ಕಾರ್ಖಾನೆಯಲ್ಲಿ, ಕಾಲೇಜಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ ಕೆಲಸದಲ್ಲಿದ್ದಾರೆ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಮೇ ತಿಂಗಳ ಕೊನೆಯಿಂದ ಜುಲೈವರೆಗೆ, ಪ್ರತಿ ಭಾನುವಾರ, ಶಾಲೆಯ ಜಗಲಿಯಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕೋಣ. ಬಂದವರ ಕಾಗದವನ್ನು ಓದಿ ಹೇಳೋಣ; ಅರ್ಜಿಯನ್ನು ಅವರ ಎದುರಿಗೇ, ಅವರ ಮೊಬೈಲಿನಲ್ಲಿಯೇ ತುಂಬೋಣ. ಯಾವ ಮನೆಯ ಆದಾಯ ಎಷ್ಟು, ಯಾವ ಮಗುವಿಗೆ ಯಾವ ನೆರವು ಬಂತು ಎಂಬ ಮಾತು ಆ ಜಗಲಿಯಿಂದ ಇಳಿದು ಬೀದಿಗೆ ಹೋಗದಿರಲಿ. ಧನಸಹಾಯ ಮಾಡಬಯಸುವವರು ಜೂನ್ ತಿಂಗಳಲ್ಲಿ ಬಡ್ಡಿಯಿಲ್ಲದ ಕೈಗಡವಾಗಿ ಕೊಡಲಿ; ರಾಗಿ ಬಂದ ಮೇಲೆ, ಆನೆ ಬಿಟ್ಟು ಉಳಿದದ್ದರಲ್ಲಿ, ಮನೆಯವರು ಹಿಂದಿರುಗಿಸುತ್ತಾರೆ. ನಮ್ಮ ಜನ ಸಾಲ ಮರೆಯುವವರಲ್ಲ.

ಹಾಗಾದರೆ ಮುಂದಿನ ಸಂಪುಟವನ್ನು ಬರೆಯುವವರಿಗೆ, ದಾಖಲಾತಿ ಪುಸ್ತಕದಲ್ಲಿ ನಿಂತುಹೋದ ಒಂದೊಂದು ಸಾಲಿನ ಮುಂದೆಯೂ, ಆ ಮಗು ಒಪ್ಪಿದರೆ, ಇನ್ನೊಂದು ಸಾಲನ್ನು ಬರೆಯಲು ಸಾಧ್ಯವಾದೀತು.